ನೊರಜು

ಬ್ಲೇಡಿನ ತುದಿಯಲ್ಲಿ ಎಳ್ಳಿನಷ್ಟು ಚರ್ಮ,
ಸೊಂಟದೆಲುಬಿನ ಮೇಲಿಂದ, ನೆತ್ತರು ಜಿನುಗದಷ್ಟೇ ಆಳಕ್ಕೆ.
ಉಪ್ಪುನೀರಿನ ಹನಿಯಲ್ಲಿ ಅದನ್ನಿಟ್ಟು ಗಡಿಯಾರ ನೋಡುತ್ತೇನೆ.
ನಿಜ್ವಾದಲ್ಲಿ ಮಧ್ಯಾಹ್ನ ಎರಡೂಕಾಲು, ಹೊರಗೆ ನಲವತ್ತಾರು ಡಿಗ್ರಿ.
ಯಾಬೊಮ್ ಕುರ್ಚಿಯಲ್ಲಿ ಕೂತು
ಒಂದು ಕಾಲಿನ ಮೀನಖಂಡವನ್ನು ಇನ್ನೊಂದರ ಹಿಮ್ಮಡಿಯಿಂದ
ಉಜ್ಜಿಕೊಳ್ಳುತ್ತಿದ್ದಾಳೆ, ಯಾರಿಗೂ ಕಾಣದ ಹಾಗೆ.

ಚೀಟಿಯಲ್ಲಿ ಬರೆದದ್ದು: ಕಜ್ಜಿ.
ಮೂರು ಸಲ ಗಂಧಕದ ಮುಲಾಮು ಆಯಿತು,
ಅವಳ ಹಾಸಿಗೆ ತಾರಸಿಗೆ ಹೋಯಿತು,
ಮಗು ಎತ್ತಬೇಡ ಎಂದೂ ಆಯಿತು.
ಒಂಬತ್ತು ತಿಂಗಳ ಮಗು. ಅದಕ್ಕೆ ಅವಳ ಹೆಗಲೇ ತೊಟ್ಟಿಲು.

ನಿನ್ನೂರಲ್ಲಿ ಹೊಳೆ ಇದೆಯಾ, ಕೇಳಿದೆ,
ನನ್ನ ಮುರುಕು ಅರಬ್ಬಿಯಿಂದ ಅವಳ ಮುರುಕು ಅರಬ್ಬಿಗೆ.
ಸೆಲಿ, ಅಂದಳು,
ಕೂಗಿದರೆ ಓಗೊಡುವವರ ಹೆಸರು ಹೇಳಿದಂತೆ.
ಬಂಡೆಗಳ ನಡುವೆ ನೀರು ಬೆಳ್ಳಗೆ ಕುದಿಯುವ ಕಡೆ ಬಟ್ಟೆ ಒಗೆಯುತ್ತಿದ್ದರಂತೆ.
ಅಲ್ಲೇ ಆ ನೊಣ. ಸಾಸಿವೆಯಷ್ಟು, ಗೂನುಬೆನ್ನಿನದು,
ಸದ್ದಿಲ್ಲದೆ ಹಗಲಲ್ಲೇ ಬಂದು
ಕಚ್ಚಿದಲ್ಲಿ ಒಂದು ಚುಕ್ಕಿ ರಕ್ತ ಬಿಟ್ಟು ಹೋಗುವುದು.
ನನ್ನ ಮಾತಿನಲ್ಲಿ ಅದಕ್ಕೆ ಹತ್ತಿರದ ಹೆಸರು ನೊರಜು.
ನೊರೆಗೂ ನೊರಜಿಗೂ ನಂಟಿದೆಯೋ ಇಲ್ಲವೋ, ಪಂಡಿತರು ಹೇಳಲಿ;
ಈ ನೊಣಕ್ಕಂತೂ ನೊರೆಯೇ ತವರು.
ನಿಂತ ನೀರಲ್ಲಿ ಮೊಟ್ಟೆ ಇಡುವ ಜಾತಿಯಲ್ಲ.

ನಮ್ಮ ಕಡಲಕೇರಿಯಲ್ಲಿ ಆನೆಕಾಲಿನ ಹುಳುವಿಗೆ ರಾತ್ರಿಪಾಳಿ.
ಸೊಳ್ಳೆ ಏಳುವ ಹೊತ್ತಿಗೆ ಸರಿಯಾಗಿ ರಕ್ತಕ್ಕಿಳಿಯುತ್ತಿತ್ತು.
ಅದಕ್ಕೇ ಹತ್ತು ಗಂಟೆಗೆ ಟಾರ್ಚು ಹಿಡಿದು ಬರುತ್ತಿದ್ದರು
ಬೆರಳು ಚುಚ್ಚುವವರು. ನಿದ್ದೆಗಣ್ಣಲ್ಲಿ ನಾನೂ ಬೆರಳು ಕೊಟ್ಟಿದ್ದೆ.
ಗಾಜಿನ ಮೇಲಿನ ಆ ಹನಿ ಎಲ್ಲಿಗೆ ಹೋಯಿತೆಂದು ತಿಳಿಯಲು
ಈ ಕೆಲಸ ಕಲಿತೆನೇನೋ.

ಅರ್ಧ ಗಂಟೆ. ಕಣ್ಣಿಟ್ಟೆ.
ಎರಡು. ಅಲ್ಲ, ಐದು. ಆಮೇಲೆ ಎಣಿಸಲಿಲ್ಲ.
ಚರ್ಮದ ಚೂರಿನಿಂದ ಹೊರಬಿದ್ದು ಹೊರಳುತ್ತಿದ್ದವು,
ದರ್ಜಿಯ ಕಾಲಡಿಯ ನೂಲಿನ ತುಂಡುಗಳಿಗೆ ಜೀವ ಬಂದಂತೆ.
ದಿನಾ ಹೀಗೇ ಚರ್ಮದಡಿಗೆ ಬಂದು ಕಾಯುತ್ತವೆ
ಈ ಮರಳುಗಾಡಿಗೆ ಎಂದೂ ಬಾರದ ಒಂದು ನೊಣಕ್ಕೆ.
ನೋಡುತ್ತೀಯಾ ಅಂದೆ. ನೋಡಿದಳು, ಬಹಳ ಹೊತ್ತು.
"ನನ್ನ ಅಜ್ಜಿಯ ಕಣ್ಣಿನವು," ಅಂದಳು.

ವರ್ಷಕ್ಕೊಮ್ಮೆ ಅವರ ಊರಿಗೆ ಒಂದು ಕೋಲು ಬರುತ್ತಿತ್ತು, ಬಣ್ಣದ ಪಟ್ಟಿಗಳದ್ದು.
ಅದಕ್ಕೆ ಬೆನ್ನು ಕೊಟ್ಟು ನಿಂತರೆ ಎತ್ತರದ ಲೆಕ್ಕಕ್ಕೆ ಮಾತ್ರೆ,
ಒಂದೋ, ಎರಡೋ, ಮೂರೋ.
ನಾಲ್ಕರ ಗೆರೆ ಮುಟ್ಟಲು ತುದಿಗಾಲಲ್ಲಿ ನಿಂತು ಸಿಕ್ಕಿಬಿದ್ದದ್ದು ಹೇಳಿ
ಮೊದಲ ಸಲ ನಕ್ಕಳು.
ಅಜ್ಜಿಯ ಕೈಗೆ ಅಷ್ಟರಲ್ಲಾಗಲೇ ಬೇರೆ ಕೋಲು ಬಂದಿತ್ತು.
ಇಲ್ಲಿಗೆ ಬಂದ ನಾಲ್ಕು ವರ್ಷ ಅವಳನ್ನು ಯಾರೂ ಅಳೆದಿಲ್ಲ.

ಮನೆಯೊಡತಿಯ ಫೋನು: ಮಗುವಿಗೆ ಅಂಟುತ್ತದಾ?
ಇಲ್ಲಮ್ಮ. ನಡುವೆ ನೊಣ ಬೇಕು, ನೊಣಕ್ಕೆ ಧುಮುಕುವ ನೀರು ಬೇಕು.
ನಮ್ಮ ಫಲಜ್ ಹರಿಯುತ್ತದಲ್ಲ?
ಪ್ರಶ್ನೆ ಸಣ್ಣದಲ್ಲ ಅನ್ನಿಸಿತು.
ಸಂಜೆ ಖರ್ಜೂರದ ತೋಟಕ್ಕೆ ಹೋಗಿ, ಕಾಲುವೆಯ ಕಲ್ಲಿನ ಮೇಲೆ ಕೂತು ಕೈ ಇಳಿಬಿಟ್ಟೆ.
ಗಳಿಗೆಯ ಲೆಕ್ಕದಲ್ಲಿ ಪಾಲಾದ ನೀರು,
ಯಾರ ತೋಟಕ್ಕೆ ಎಷ್ಟೆಂದು ತಿಳಿದದ್ದು, ಸದ್ದು ಮಾಡದೆ ಹೋಗುತ್ತಿತ್ತು.
ಬೆರಳ ಸುತ್ತ ಒಂದು ಗುಳ್ಳೆಯೂ ಏಳಲಿಲ್ಲ.
ಮಾರನೇ ದಿನ ವರದಿಯಲ್ಲಿ "ಅಂಟುವುದಿಲ್ಲ" ಎಂಬುದರ ಕೆಳಗೆ
ಎರಡು ಗೆರೆ ಎಳೆದೆ. ಹಾಗೆ ಎಳೆಯುವ ನಿಯಮವಿಲ್ಲ.

ಮಸ್ಕತ್ತಿನಿಂದ ಮಾತ್ರೆ ಬರಲು ಹನ್ನೊಂದು ದಿನ ಹಿಡಿಯಿತು.
ತೂಕದ ಯಂತ್ರ ತೋರಿಸಿದೆ. ಅವಳು ಅದನ್ನು ದಾಟಿ
ಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿ ಜೋಡಿಸಿ,
ಗಲ್ಲ ನೆಟ್ಟಗೆ ಮಾಡಿ ನಿಂತಳು.