ರುವಿಯಲ್ಲಿ ಶುಕ್ರವಾರದ ಕಲಾಪ

ಮೂರು ಸಲ ಕೂಗಬೇಕು. ಅದು ನಿಯಮ.
ಮೂರನೇ ಮಹಡಿಯ ಮೆಟ್ಟಿಲ ತಲೆಯಲ್ಲಿ ನಿಂತು
"ನಾರೆಮ್ಮ, ಚಿಂತಾಮಣಿ, ಹಾಜರಿದ್ದಾರಾ?" ಎನ್ನುತ್ತೇನೆ.
ಕೆಳಗೆ ಚಪ್ಪಲಿ ಬಿಟ್ಟು ಕಾದವರು
ಮುಖ ಮುಖ ನೋಡಿಕೊಳ್ಳುತ್ತಾರೆ.
ಉತ್ತರ ಬರುವುದಿಲ್ಲ, ನನಗೂ ಗೊತ್ತು.
ಆಮೇಲೆ ಮೊದಲ ಕೇಸು.

ವಾರದಲ್ಲಿ ಐದು ದಿನ ನನ್ನ ಹೆಂಡತಿ ಸೆವ್ರಿನ್ ಟೀಚರ್,
ಎಂಟನೇ ತರಗತಿ, ಗಣಿತ.
ಶುಕ್ರವಾರ ಜುಮ್ಮಾ ಬಿಟ್ಟ ಮೇಲೆ
ನಮ್ಮ ಊಟದ ಮೇಜಿನ ಪ್ಲಾಸ್ಟಿಕ್ ಹೊದಿಕೆ ಒರೆಸಿದರೆ
ಅದೇ ನ್ಯಾಯಪೀಠ.
ಯಾರೂ ನೇಮಿಸಿದ್ದಲ್ಲ. ಸಂಬಳವಿಲ್ಲ, ಕರಿಕೋಟಿಲ್ಲ,
ತೀರ್ಪು ಮೀರಿದವನನ್ನು ಹಿಡಿದು ತರಲು ಪೊಲೀಸಿಲ್ಲ.
ಇರುವುದು ಒಂದು ಚೌಕುಳಿ ಪುಸ್ತಕ, ಕೆಂಪು ಪೆನ್ನು,
ದಫೇದಾರನೂ ಚಹಾದವನೂ ಆದ ನಾನು.
"ಸುಳ್ಳು ಹೇಳಿದರೆ?" ಅಂತ ಒಬ್ಬ ಡ್ರೈವರ್ ಕೇಳಿದ್ದ.
"ಹೇಳಿ. ಲೆಕ್ಕ ತಪ್ಪಿದಾಗ ಗೊತ್ತಾಗುತ್ತದೆ" ಅಂದಿದ್ದಳು,
ಪುಸ್ತಕದಿಂದ ತಲೆ ಎತ್ತದೆ.

ಈ ವಾರ ಕುಷ್ಟ ಮೊಗವೀರ, ಹೋಟೆಲಿನ ಅಡುಗೆಯವ,
ಮತ್ತು ಪೀರಪ್ಪ, ಗುರುಮಠಕಲ್ಲಿನ ದರ್ಜಿ.
ಒಂದೇ ಕೋಣೆ, ಕೆಳಗೊಂದು ಮೇಲೊಂದು ಮಂಚ,
ನಾಲ್ಕು ತಿಂಗಳಿಂದ ಮಾತಿಲ್ಲ.
ಒಬ್ಬನ ಮೀನು ಇಳಿದ ಮೇಲೆ
ಅದೇ ಒಲೆಗೆ ಇನ್ನೊಬ್ಬನ ರೊಟ್ಟಿ ಏರುತ್ತದೆ.
"ಬಾಡಿಗೆ ಪಾಲು ತಿಂಗಳಿಗೆ ಹದಿನೈದು ರಿಯಾಲು ಮಾರಾಯ್ರೆ,
ಇವ ಕೊಟ್ಟದ್ದು ಹತ್ತು. ಏನೋ ಕಷ್ಟ ಇರಬಹುದಂತ
ವರ್ಷವಿಡೀ ಬಾಯಿ ಬಿಡಲಿಲ್ಲ ನಾನು. ಅರವತ್ತು ಬಾಕಿ."
ಪೀರಪ್ಪ ಎದೆ ಮುಟ್ಟಿಕೊಂಡ:
"ಚೀಟಿದಾಗ ಹತ್ತಂತ ಬರ್ದದರಿ ಅಕ್ಕೋರೆ.
ನನಗ ಕಳ್ಳ ಅಂದಾನ್ರಿ, ಎಲ್ಲರ ಮುಂದ."

ಚೀಟಿ ಬಂತು. ಮನೆ ಮಾಲೀಕನ ಕೈಬರಹ,
ಎಣ್ಣೆ ಕುಡಿದ ಕಾಗದ.
ಒಂದು ನೆಟ್ಟ ಗೆರೆ. ಪಕ್ಕದಲ್ಲಿ ಒಂದು ದುಂಡು ಸುತ್ತು.
ಟೀಚರ್ ನೋಡಿದಳು. ಕನ್ನಡಕ ತೆಗೆದು ಮತ್ತೆ ನೋಡಿದಳು.
ನಕ್ಕಳು ಅನ್ನುವಂತಿಲ್ಲ, ಪೀಠದಲ್ಲಿ ನಗುವ ವಾಡಿಕೆಯಿಲ್ಲ.
"ಅರಬಿಯಲ್ಲಿ ಐದು ಬರೆಯುವುದು ಹೀಗೆ," ಅಂದಳು,
"ನಮ್ಮ ಸೊನ್ನೆಯ ಹಾಗೆ. ಅವರ ಸೊನ್ನೆ ಬರೀ ಚುಕ್ಕೆ."

ಇಬ್ಬರೂ ಚೀಟಿಯ ಮೇಲೆ ಬಗ್ಗಿದರು, ತಲೆಗೆ ತಲೆ ತಾಗುವಷ್ಟು.
ಹನ್ನೆರಡು ತಿಂಗಳು
ಮೇಲಿನವನು ಸೊನ್ನೆ ಕಂಡು ನಿದ್ದೆ ಹೋಗಿದ್ದ,
ಕೆಳಗಿನವನು ಐದು ಕಂಡು ಎಚ್ಚರವಿದ್ದ,
ನಡುವೆ ಒಂದು ಪ್ಲೈವುಡ್ಡಿನ ದಪ್ಪ.

ಚಹಾ ತಂದೆ. ಈಗ ತಬ್ಬಿಕೊಳ್ಳುತ್ತಾರೆ ಎಂದುಕೊಂಡೆ.
"ಆದರೂ ಅರವತ್ತು?" ಅಂದ ಕುಷ್ಟ.
"ಆದ್ರೂ ಕಳ್ಳ ಅಂದಿದ್ದು?" ಅಂದ ಪೀರಪ್ಪ.
ಕೇಸು ಮುಂದಿನ ವಾರಕ್ಕೆ.
ಮೆಟ್ಟಿಲಿಳಿಯುತ್ತಾ ಜಗಳ, ನಾಲ್ಕು ಮನೆಗೆ ಕೇಳುವಷ್ಟು.
ಮಾತಾದರೂ ಶುರುವಾಯಿತಲ್ಲ, ಎಂದೆ.
"ಅದು ತೀರ್ಪಲ್ಲ" ಅಂದಳು.

ಪುಸ್ತಕದ ಹದಿನೇಳನೇ ಹಾಳೆ ಮಡಚಿದೆ.
ನಾರೆಮ್ಮ, ಮನೆಗೆಲಸ, ಐದು ತಿಂಗಳ ಸಂಬಳ ಬಾಕಿ,
ಪಾಸ್‌ಪೋರ್ಟು ಒಡತಿಯ ಬೀರುವಿನಲ್ಲಿ.
ಆ ಒಡತಿ ಫೋನಿನಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ್ದಳು.
"ಒಂದು ತಿಂಗಳು ತಾಳು, ನಾರೆಮ್ಮ."
ಕೆಂಪು ಶಾಯಿಯಲ್ಲಿ ಹಾಗೇ ಇದೆ, ತಾರೀಖಿನ ಸಮೇತ.
ಆಮೇಲೆ ಮೊಬೈಲು ಸ್ವಿಚ್ ಆಫ್.
ಆಸ್ಪತ್ರೆ, ಠಾಣೆ, ರಾಯಭಾರ ಕಚೇರಿಯ ಉದ್ದದ ಬೆಂಚು,
ಎಲ್ಲ ಕಡೆ ಹೋಗಿ ಬಂದೆವು.
ಹಾಳೆ ಹರಿಯಲು ಬಿಡಲಿಲ್ಲ. "ಪಟ್ಟಿಯಲ್ಲಿ ಮೊದಲು ಅವಳ ಹೆಸರು.
ಕೂಗಿ," ಅಂದಳು. ಆರು ವರ್ಷವಾಯಿತು.

ರಾತ್ರಿ ಅದೇ ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟು.
ಯಾವನೋ ಹುಡುಗ ಐದು ಬರಬೇಕಾದಲ್ಲಿ
ದುಂಡಗೆ ಸೊನ್ನೆ ಬರೆದಿದ್ದ.
ಪೆನ್ನು ನಿಂತಿತು. ಓರೆಗಣ್ಣಿನಲ್ಲಿ ಕಾದೆ.
ತಪ್ಪು ಹಾಕಿದಳು.
ಹಾಳೆ ಮಗುಚಲು ಹೋದವಳು ಹಿಂದಕ್ಕೆ ಬಂದು
ಅಂಚಿನಲ್ಲಿ ಸಣ್ಣಗೆ ಬರೆದಳು:
ಇದು ಹೇಗೆ ಬಂತು, ಬಂದು ಹೇಳು.