ಗೃಹಸ್ಥರು, ತೈಲವರ್ಣ

ಬೆಳಗಿನಿಂದ ಕಾಫಿ ಕುಡಿದಿಲ್ಲ. ಕುಡಿಯುವಂತಿಲ್ಲ.
ಬರಿಯ ನೀರು ಮುಕ್ಕಳಿಸಿ, ಬೀಗ ತೆಗೆಸಿ,
ಚಾಮರಾಜಪೇಟೆಯ ಈ ಮನೆಯ ನಡುಹಜಾರದಲ್ಲಿ
ಮೇಜಿನ ಮೇಲೆ ಅಂಗಾತ ಮಲಗಿಸಿದ್ದೇನೆ ಇವರನ್ನು,
ಜರತಾರಿ ಪೇಟ, ಕರಿ ಕೋಟು, ಗಡಿಯಾರದ ಸರಪಳಿ ಸಮೇತ.
ಗೋಡೆಯ ಮೇಲಿದ್ದಾಗ ಬಂದವರನ್ನೆಲ್ಲ ಅಳೆಯುತ್ತಿದ್ದ ಕಣ್ಣು
ಈಗ ಫ್ಯಾನು ನೋಡುತ್ತಿದೆ.

ರಿಜಿಸ್ಟರಿನಲ್ಲಿ ಹೆಸರಿಲ್ಲ.
ನಂಬರು ನಲವತ್ತೊಂದು. ‘ಗೃಹಸ್ಥರು, ತೈಲವರ್ಣ,
ಚೌಕಟ್ಟಿಗೆ ಗೆದ್ದಲು.’ ಅಷ್ಟೆ.
ವಂಶದವರು ಮೂವರು ಬಂದು ನೋಡಿ
ಮೂರು ಹೆಸರು ಹೇಳಿ ಹೋದರಂತೆ.
ಗಾರ್ಡು ಗವಿರಂಗಯ್ಯ ಮಾತ್ರ ‘ಯಜಮಾನ್ರು’ ಅನ್ನುತ್ತಾನೆ,
ಇವರಿರುವ ಕೋಣೆಗೆ ಚಪ್ಪಲಿ ಬಿಟ್ಟೇ ಬರುತ್ತಾನೆ.

ಬಿದಿರುಕಡ್ಡಿಗೆ ಹತ್ತಿ ಸುತ್ತಿ
ನಾಲಿಗೆಯ ಮೇಲೊಮ್ಮೆ ಹೊರಳಿಸಿ
ಹಣೆಯ ಮೇಲೆ ಉರುಳಿಸುತ್ತೇನೆ, ಉಜ್ಜುವುದಿಲ್ಲ.
ಪೆಟ್ಟಿಗೆಯಲ್ಲಿ ಏಳು ಸೀಸೆ ಔಷಧಿ ಇದೆ.
ಕಲಿಸಿದ ಮೇಡಂ ಹೇಳುತ್ತಿದ್ದರು:
ಅವೆಲ್ಲ ಆಮೇಲೆ. ಮೊದಲು ಬಾಯಿನೀರು.
ಮೈಯಷ್ಟೇ ಬಿಸಿ, ಬಣ್ಣ ಬಿಟ್ಟು ಕೊಳೆಯನ್ನಷ್ಟೇ ತಿನ್ನುತ್ತೆ.
ಅವರು ಅದಕ್ಕೆ ಸಲೈವಾ ಅಂದರು.

ನಮ್ಮ ಕಡೆ ಅದಕ್ಕೆ ಬೇರೆ ಹೆಸರಿದೆ.

ಹತ್ತಿ ಕಂದಾಗುತ್ತದೆ. ಇನ್ನೊಂದು. ಅದೂ ಕಂದು.
ಎದ್ದು ಬರುತ್ತಿದೆ ನೂರು ವರ್ಷದ ಸಾಂಬ್ರಾಣಿ,
ಲಾಟೀನಿನ ಮಸಿ, ಚುಟ್ಟದ ಹೊಗೆ,
ಕಿಟಕಿಯಾಚೆ ಸಿಗ್ನಲಿಗೆ ನಿಂತು ಗುರುಗುಟ್ಟಿದ ಬಸ್ಸುಗಳ ಉಸಿರು.
ಹುಬ್ಬಿನ ಪಕ್ಕ ಒಂದು ನೊಣದ ಕಾಲು,
ಬಣ್ಣ ಒಣಗುವ ಮೊದಲೇ ಕೂತು ಕೆಟ್ಟದ್ದು.
ಅದನ್ನು ಬಿಟ್ಟೆ. ಅದೂ ಆ ದಿನದ್ದೇ.

ಅವ್ವ ಇಂಥದೇ ಒಂದು ಮನೆಯಲ್ಲಿ, ಎರಡು ರಸ್ತೆ ಆಚೆ,
ಹಿತ್ತಿಲ ಕಲ್ಲಿನ ಮೇಲೆ ಕೂತು
ಹುಣಸೆಹಣ್ಣು ಹಚ್ಚಿ ದೀಪದ ಕಂಬ ಬೆಳಗುತ್ತಿದ್ದಳು.
ಬೆಳಗಿದ್ದಕ್ಕೆ ಅವರು ನೀರು ಚಿಮುಕಿಸಿ ಒಳಗೊಯ್ಯುತ್ತಿದ್ದರು.
ಅವಳ ಲೋಟ ಹಿತ್ತಿಲ ಗೋಡೆಯ ಗೂಡಿನಲ್ಲಿ, ಬೋರಲು.
ಒಮ್ಮೆ ನನಗೆ ಜ್ವರ. ಆ ಲೋಟದಲ್ಲೇ ಸಾರು ಕೊಟ್ಟರು,
ಸೆರಗು ಮುಚ್ಚಿಕೊಂಡು ತಂದಳು
ಅಂಜನಪ್ಪ ಗಾರ್ಡನ್ನಿನವರೆಗೂ ನಡೆದು.
ಚೆನ್ನಾಗಿತ್ತು ಸಾರು. ಅದನ್ನೂ ಹೇಳಬೇಕಲ್ಲ.
ಆ ಮನೆ ಈಗಿಲ್ಲ; ಅಲ್ಲೊಂದು ಡಯಾಗ್ನೋಸ್ಟಿಕ್ ಸೆಂಟರು,
ರಕ್ತ, ಮೂತ್ರ, ಕಫ, ಎಲ್ಲ ತಗೊಳ್ಳುತ್ತಾರೆ, ಎಲ್ಲರದ್ದೂ.

ಮಧ್ಯಾಹ್ನಕ್ಕೆ ಕೆನ್ನೆಗೆ ಬಂದೆ.
ಬಾಯಿ ಒಣಗಿತು. ಕಣ್ಣು ಮುಚ್ಚಿ
ಹುಣಸೆಹಣ್ಣು ನೆನೆಸಿಕೊಂಡೆ,
ಅವ್ವನ ಬೆರಳ ಸಂದಿಯ ಆ ಹುಳಿ.
ನೀರೂರಿತು.

ಆಗ ಕಂಡಿತು ಗದ್ದದ ಕೆಳಗೆ
ಎಳ್ಳಿನಷ್ಟು ಕೆಂಪು: ಕ್ಷೌರದ ಗಾಯ.
ಚಿತ್ರ ಬರೆದವನು ಕಂಡದ್ದನ್ನು ಬಿಟ್ಟಿಲ್ಲ.
ಆ ಬೆಳಿಗ್ಗೆ ಕತ್ತಿ ಹಿಡಿದ ಕೈ ಯಾರದೋ,
ನಡುಗಿತ್ತೋ, ಆಮೇಲೆ ಅದಕ್ಕೇನಾಯಿತೋ.
ನೋವಾಗದವರ ಹಾಗೆ ಕೂತಿದ್ದಾರೆ ಇವರು,
ಒಂದು ಕೈ ಮುಚ್ಚಿದ ಪುಸ್ತಕದ ಮೇಲೆ.

ನಾಲ್ಕು ಗಂಟೆಗೆ ಗವಿರಂಗಯ್ಯ ಇಣುಕಿದ.
‘ಯಜಮಾನ್ರಿಗೆ ಏನ್ ಹಾಕ್ತಾ ಇದೀರ ಮೇಡಂ,
ಮುಖಕ್ಕೆ ಕಳೆ ಬಂದ್ಬಿಟ್ಟಿದೆ?’
ಹೇಳಿದೆ. ನಮ್ಮ ಕಡೆಯ ಹೆಸರಿನಲ್ಲೇ.

ಹೊಸಲಲ್ಲಿ ನಿಂತ, ಬರಿಗಾಲಲ್ಲಿ.
ಹೊರಗೆ ಮೂಸಂಬಿ ಗಾಡಿಯವನು ಕೂಗಿ ಮುಂದೆ ಹೋದ.
ಗೋಡೆಯ ಮೇಲೆ ಉಳಿದಿದ್ದ
ಖಾಲಿ ಚೌಕದ ಬಿಳಿ ನೋಡಿದ, ನನ್ನ ನೋಡಿದ,
ಮೆಲ್ಲಗೆ ಬಂದು ಮೇಜಿಗೆ ಬಗ್ಗಿದ.

‘ಎಡಗಿವಿ ಹತ್ರ’ ಅಂದ,
‘ಇನ್ನೂ ಸ್ವಲ್ಪ ಇದೆ ನೋಡಿ.’