ಬೆರಳಗಲ

ಮರಳಿನಲ್ಲಿ ಒಂದು ಹನಿ ನೀರಿರಬಾರದು.
ಇದ್ದರೆ, ಕೊಳವೆಗೆ ಗ್ಯಾಸಿನ ಉರಿ ತಾಗಿದೊಡನೆ
ಒಳಗೆ ಹಬೆ ಕಟ್ಟಿ, ಬಾಯಿಗೆ ಜಡಿದ ಮರದ ಬೆಣೆ ಹಾರಿ
ಎದುರಿನ ಟೀ ಅಂಗಡಿಯ ಗಾಜಿನ ಪೆಟ್ಟಿಗೆ ಒಡೆಯುತ್ತದೆ.
ಒಡೆದಿದೆ. ಬನ್ನಿನ ಸಮೇತ ದುಡ್ಡು ತೆತ್ತವನು ನಾನು.

ಅದಕ್ಕೇ ಹೇಮಾವತಿಯ ಮರಳು ಎರಡು ಬಕೆಟ್ಟು
ಜರಡಿ ಹಿಡಿದು, ಬಾಣಲೆಗೆ ಹಾಕಿ ಹುರಿಯುತ್ತ ಕೂತಿದ್ದೇನೆ.
ಹೊಳೆನರಸೀಪುರ ರಸ್ತೆಯಲ್ಲಿ ಹೋಗಿಬರುವವರು
ಕಡಲೆಕಾಯಿ ಸೇರಿಗೆಷ್ಟು ಎಂದು ಕೇಳುತ್ತಾರೆ.

ಬಗ್ಗಿಸುವ ಯಂತ್ರ ಪಕ್ಕದ ಶೆಡ್ಡಿನಲ್ಲಿದೆ.
ಅದು ಬಗ್ಗಿಸಿದಲ್ಲಿ ಕೊಳವೆಯ ಹೊಟ್ಟೆ ಬೆನ್ನಿಗಂಟುತ್ತದೆ,
ಹೊಗೆಗೆ ಉಬ್ಬಸ.
ಮರಳು ತುಂಬಿದ್ದರೆ ತಿರುವಿನಲ್ಲೂ ದುಂಡಗಿರುತ್ತದೆ.

ಗಾಡಿ ಅರವತ್ತೆರಡರ ಫಾರ್ಗೋ.
ಕಾಫಿ ಮೂಟೆ ಹೊತ್ತು ಸವೆದು, ಹನ್ನೊಂದು ವರ್ಷ ನಿಂತಲ್ಲೇ ನಿಂತು,
ಸೈಲೆನ್ಸರಿನೊಳಗೆ ಕುಂಬಾರಹುಳ ಮನೆ ಕಟ್ಟಿತ್ತು.
ಹರಾಜಿನಲ್ಲಿ ಹಿಡಿದವರು ಹಲ್ಲಿನ ಡಾಕ್ಟರು ಶಾರ್ವರಿ.
ಸದ್ದು ಹೇಗಿರಲಿ ಮೇಡಂ, ಅಂದೆ.
ಗುಡುಗಬಾರದು, ಗೊಣಗಬೇಕು, ಅಂದರು.

ಗೋಣಿತಾಟು ಹಾಸಿ ಅಡಿಗೆ ತೂರಿದೆ.
ಕೈಯಲ್ಲಿ ದಪ್ಪ ತಂತಿ. ಮೊದಲು ತಂತಿ ನಡೆಯಬೇಕು,
ಅದರ ಹೆಜ್ಜೆಯಲ್ಲಿ ಕೊಳವೆ:
ಎಂಜಿನ್ನಿನ ಎಡಗೆನ್ನೆಯಿಂದ ಇಳಿದು,
ಕ್ಲಚ್ಚಿನ ಕಡ್ಡಿಗೆ ದಾರಿ ಬಿಟ್ಟು,
ಪೆಟ್ರೋಲ್ ಟ್ಯಾಂಕು ಕಂಡರೆ ಮಡಿ ಹೆಂಗಸಿನ ಹಾಗೆ ದೂರ ಸರಿದು,
ಎಲ್ಲೆಲ್ಲೂ ಬೆರಳಗಲ ಸಂದು.
ಕಬ್ಬಿಣ ಬಿಸಿಗೆ ಹಿಗ್ಗುತ್ತದೆ, ಎಂಜಿನ್ನು ನಡುಗುತ್ತದೆ,
ಸಂದಿಲ್ಲದಿದ್ದರೆ ದಾರಿಯುದ್ದಕ್ಕೂ ಟಣಟಣ.

ಮೂರನೆಯ ಅಡ್ಡಪಟ್ಟಿಯ ಬಳಿ ತಂತಿ ನಿಂತಿತು.
ಹಳೆಯದೊಂದು ಬ್ರಾಕೆಟ್ಟು, ಈಗ ಯಾವುದನ್ನೂ ಹಿಡಿದಿಲ್ಲ.
ಗ್ರೀಸು ಕೆರೆದೆ.
ಬೆಸುಗೆ. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತು
ಮುಗಿಯುವಲ್ಲಿ ಮುಗಿಯದೆ
ಹಿಂದಕ್ಕೆ ತಿರುಗಿ ಒಂದು ಚುಕ್ಕಿ.

ಅಮೀರ್‌ಜಾನ್ ಮೇಸ್ತ್ರಿ.
ಇಡೀ ಹಾಸನದಲ್ಲಿ ಹಾಗೆ ಚುಕ್ಕಿ ಇಡುತ್ತಿದ್ದದ್ದು ಆತನೊಬ್ಬ.
'ಸಾಲು ಓಡಿಹೋಗ್ತದೆ ಕಣೋ ದ್ಯಾವ, ಗೂಟ ಹೊಡಿ'
ಎಂದು ಸುತ್ತಿಗೆಯ ಹಿಡಿಯಿಂದ ನನ್ನ ಮಂಡಿಗೆ ಕುಟ್ಟುತ್ತಿದ್ದ.
ಆರು ವರ್ಷ ಕುಟ್ಟಿದ. ಕೂಲಿ ಜಾಸ್ತಿ ಕೇಳಿ ಬಿಟ್ಟುಬಂದೆ.
ಎದುರು ಸಿಕ್ಕರೆ ರಸ್ತೆ ದಾಟುತ್ತಿದ್ದೆ.
ಅವನ ಕಣ್ಣು ಹೋದಮೇಲೆ ದಾಟುವ ಅಗತ್ಯವೂ ಇರಲಿಲ್ಲ,
ಉಸಿರು ಹಿಡಿದು ಪಕ್ಕದಲ್ಲೇ ನಡೆದುಹೋಗುತ್ತಿದ್ದೆ,
ಬೆರಳಗಲದಲ್ಲಿ.

ಗ್ರೈಂಡರಿಗೆ ಎರಡು ನಿಮಿಷದ ಕೆಲಸ.
ಹಚ್ಚಿದೆ. ಆರಿಸಿದೆ.
ತಂತಿ ಬಿಚ್ಚಿ ಇನ್ನೊಂದು ತಿರುವು ಕೊಟ್ಟೆ.

ದಾಸವಾಳದಷ್ಟು ಕೆಂಪಾದಾಗ ಕೊಳವೆ
ಹಳೇ ಬ್ರೇಕ್ ಡ್ರಮ್ಮಿನ ಸುತ್ತ ಮೆಲ್ಲಗೆ ಒಲಿದು ಬಂತು.
ಟೈರು ಕತ್ತರಿಸಿ ಪಟ್ಟಿ ಮಾಡಿ ತೂಗುಹಾಕಿದೆ.

ಭಾನುವಾರ ಡಾಕ್ಟರು ಬಂದವರೇ ಗೋಣಿಯ ಮೇಲೆ ಮಲಗಿಬಿಟ್ಟರು.
ಬಾಯೊಳಗೆ ಇಡುವ ಪುಟ್ಟ ಕನ್ನಡಿ ಹಿಡಿದು
ಒಂದೊಂದು ಬೆಸುಗೆಯ ಹಿಂಬದಿಯನ್ನೂ ನೋಡಿದರು.
'ಇಲ್ಲಿ ಯಾಕೆ ಬಳಸು ದಾರಿ?'
'ಬ್ರೇಕಿನ ಪೈಪು ಮೇಡಂ. ಶಾಖ ತಾಗಬಾರದು.'
ಬ್ರೇಕಿನ ಪೈಪು ಇರುವುದು ಬಲಗಡೆ.
ಕನ್ನಡಿ ಬಲಕ್ಕೆ ಹೋಯಿತು,
ಮರಳಿ ಬಂತು, ಚುಕ್ಕಿಯ ಮೇಲೆ ನಿಂತಿತು.
'ಇದು ನಿಮ್ಮ ಕೈಯದಲ್ಲ.'
'ಅಲ್ಲ.'
'ಬೇರು ಗಟ್ಟಿಯಿದೆ' ಅಂದರು. ಸ್ವಲ್ಪ ಹೊತ್ತು ಬಿಟ್ಟು,
'ಈ ತಿರುವಿಗೆ ಎಷ್ಟು ಹಾಕ್ತೀರಿ ಬಿಲ್ಲಿನಲ್ಲಿ?'
ಹಾಕಲಿಲ್ಲ.

ಸ್ಟಾರ್ಟ್ ಮಾಡಿದಾಗ ಮೊದಲು ಕೆಮ್ಮಿತು.
ಎಷ್ಟು ತಟ್ಟಿದರೂ ಇಳಿಯದೆ ಆ ಬಳಸಿನಲ್ಲೇ ಕೂತಿದ್ದ
ಒಂದು ಹಿಡಿ ಮರಳು
ಬಾಲದಿಂದ ಚಿಮ್ಮಿ ನನ್ನ ಮಂಡಿಗೆ ಹೊಡೆಯಿತು.
ಆಮೇಲೆ ಗೊಣಗತೊಡಗಿತು.

ಟೀ ಅಂಗಡಿಯವನು ಗಾಜಿನ ಪೆಟ್ಟಿಗೆಯನ್ನು
ಬೆಳಿಗ್ಗೆಯೇ ಒಳಗಿಟ್ಟಿದ್ದ.